ಹಸಿರು ಚುಕ್ಕಿಯ ಹುಡುಗಿ

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬುದು ನಾನು ಚಿಕ್ಕವಳಿದ್ದಾಗ ಬೈಗುಳವಾಗಿತ್ತು. ಅದೇ ಬೈಗುಳ ಯೋಜನೆಯಾಗಿ, ನಾನು ಕಲಿಸುವ ತೊಕ್ಕೊಟ್ಟಿನ ಕನ್ನಡ ಶಾಲೆಗೆ ಬಂದೀತೆಂದು ಎಣಿಸಿರಲಿಲ್ಲ. ಪ್ರತಿ ಮಗುವಿಗೂ ಅದರದೇ ಪಾಠ, ಅದರದೇ ವೇಗ ಎಂದು ವಿವರಿಸಲು ಬಂದ ಅಧಿಕಾರಿ ಎರಡು ಗಂಟೆ ಮಾತಾಡಿದರು. ಅಷ್ಟು ಹೊತ್ತಿನಲ್ಲಿ ಒಂದು ಮಗುವಿನ ಹೆಸರನ್ನೂ ಕೇಳಲಿಲ್ಲ. ಮೇಜಿನ ಮೇಲೆ ಟ್ಯಾಬ್‌ಗಳ ರಾಶಿ ಇಟ್ಟು, ಬಿಸಿ ಗೋಳಿಬಜೆ ತಿಂದು, ಕೈ ಒರೆಸಿಕೊಂಡು ಕಾರು ಹತ್ತಿದರು.

ಟ್ಯಾಬ್‌ನಲ್ಲಿ ಪ್ರತಿ ಮಗುವಿನ ಹೆಸರಿನ ಪಕ್ಕ ಒಂದು ಚುಕ್ಕಿ. ಪಾಠ ಮುಗಿಸಿದರೆ ಹಸಿರು, ಹಿಂದೆ ಬಿದ್ದರೆ ಕೆಂಪು. ಯಾಕೆ ಹಿಂದೆ ಬಿತ್ತು ಎಂದು ಕೇಳುವ ಬುದ್ಧಿ ಆ ಚುಕ್ಕಿಗೂ ಇಲ್ಲ, ಅದನ್ನು ನೋಡುತ್ತ ಕುಳಿತವರಿಗೂ ಇಲ್ಲ. ಕೆಂಪು ಕಂಡರೆ ಕಚೇರಿಯಿಂದ ಫೋನ್ ಬರುತ್ತದೆ, ಅಷ್ಟೆ.

ನನ್ನ ಐದನೇ ತರಗತಿಯ ಒಬ್ಬಳು ಹುಡುಗಿಗೆ ಓದಲು ಬರುತ್ತಿರಲಿಲ್ಲ. ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದು, ಮೊದಲೆರಡು ವರ್ಷ ಶಾಲೆಯ ಮುಖ ಕಂಡದ್ದೇ ಅಪರೂಪ. ದಿನಾ ಪ್ರಾರ್ಥನೆಗೆ ಮೊದಲು ಅರ್ಧ ಗಂಟೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಷರದ ಮೇಲೆ ಬೆರಳಿಡಿಸಿ ಓದಿಸುತ್ತಿದ್ದೆ. ಒತ್ತಕ್ಷರದವರೆಗೆ ಬಂದಿದ್ದೆವು. ಅದಕ್ಕೆ ಮಾತ್ರ ಯಾವ ಬಣ್ಣದ ಚುಕ್ಕಿಯೂ ಇರಲಿಲ್ಲ.

ಟ್ಯಾಬ್ ಬಂದ ಮೇಲೆ ಅವಳದು ದಿನಾ ಕೆಂಪು. ಒಂದು ಸಲ ಫೋನ್ ಬಂತು. ಎರಡನೇ ಸಲ ಬಂದಾಗ ಹೆಡ್ ಟೀಚರ್ ಮುಖ ಗಂಟಿಕ್ಕಿಕೊಂಡು, ಶಾಲೆಯ ಮರ್ಯಾದೆಯ ಪ್ರಶ್ನೆ ಎಂದರು. ಮೂರನೇ ಸಲ ಬರುವ ಮೊದಲು, ಬೆಳಗಿನ ಅದೇ ಅರ್ಧ ಗಂಟೆಯಲ್ಲಿ, ಅವಳ ಪಾಠಗಳನ್ನು ನಾನೇ ಒತ್ತಿ ಮುಗಿಸತೊಡಗಿದೆ. ಅವಳು ಪುಸ್ತಕ ಮಡಚಿ ನನ್ನ ಬೆರಳನ್ನು ನೋಡುತ್ತ ಕುಳಿತಿರುತ್ತಿದ್ದಳು. ಐದನೇ ತರಗತಿಯ ಕನ್ನಡ ನನಗೆ ಚೆನ್ನಾಗಿಯೇ ಬರುತ್ತದೆ. ತಿಂಗಳೊಳಗೆ ಅವಳು ಇಡೀ ಶಾಲೆಯನ್ನು ಹಿಂದೆ ಹಾಕಿದಳು.

ಯೋಜನೆಯನ್ನು ಉಳಿದ ತಾಲೂಕುಗಳಿಗೂ ವಿಸ್ತರಿಸುವುದೆಂದು ತೀರ್ಮಾನವಾದಾಗ, ಅಧಿಕಾರಿ ಅಲ್ಲಿಯ ಶಿಕ್ಷಣ ಇಲಾಖೆಯವರನ್ನೆಲ್ಲ ಕರೆದುಕೊಂಡು ನಮ್ಮಲ್ಲಿಗೇ ಬಂದರು. ಎಲ್ಲರಿಗಿಂತ ಮುಂದಿರುವ ಮಗು ಯಾರೆಂದು ಟ್ಯಾಬ್‌ನಲ್ಲಿ ಹುಡುಕಿ, ಅವಳ ಹೆಸರು ಕೂಗಿದರು. ಅಂತೂ ಒಂದು ಹೆಸರು ಅವರ ಬಾಯಲ್ಲಿ ಬಂತು. ಪರದೆಯ ಮೇಲಿನ ನಾಲ್ಕು ಸಾಲು ಓದಲು ಹೇಳಿದರು.

ಅವಳು ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಕಿಟಕಿಯ ಹೊರಗೆ ನೋಡಿದೆ.

"ಕಣ್ಣು ಉರೀತದೆ ಸಾರ್, ಓದ್ಲಿಕ್ಕೆ ಆಗುದಿಲ್ಲ," ಎಂದಳು.

ಅಧಿಕಾರಿ ಅವಳ ಬೆನ್ನು ತಟ್ಟಿ, ನಮ್ಮ ಮಕ್ಕಳು ಕಣ್ಣು ಉರಿಯುವಷ್ಟು ಓದುತ್ತಾರೆ ನೋಡಿ ಎಂದು ಬಂದವರಿಗೆ ಹೇಳಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಇಂಥ ದಡ್ಡರ ಕೈಗೆ ಇಷ್ಟು ಶಾಲೆಗಳೇ ಎಂದು ಹೇಸಿಗೆಯಾಯಿತು. ಅದರ ಎರಡು ಪಾಲು ಹೇಸಿಗೆ ನನ್ನ ಮೇಲಾಯಿತು. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಕಾರುಗಳೆಲ್ಲ ಹೋದ ಮೇಲೆ ಅವಳು ನನ್ನ ಮೇಜಿನ ಬಳಿ ಬಂದು ನಿಂತಳು.

"ನೀವು ಒತ್ತಿದ್ದು ಅಂತ ನಾನು ಹೇಳ್ಲಿಲ್ಲ ಟೀಚರ್," ಎಂದಳು. ಆಮೇಲೆ ಕೇಳಿದಳು: "ನಾಳೆಯಿಂದ ಪುಸ್ತಕ ತೆರೆಯುದಾ?"