ಗೋಡೆಯ ಮೇಲೆ ನನ್ನದೊಂದು ಗೆರೆ

“ಯವ್ವಾ, ಗ್ವಾಡಿಗಿ ಬೆನ್ನ ಹಚ್ಚಿ ನೆಟ್ಟಗ ನಿಂದ್ರು!” ಹದಿನೈದರ ಕಿರಿಮಗಳು ಕೈಯಲ್ಲಿ ಮೊಳೆ ಹಿಡಿದು ಗದರಿದಳು.

ದಸರಾ ರಜೆಗೆ ವಾಡಿಯಿಂದ ರೈಲು ಹತ್ತಿ ಹೈದರಾಬಾದಿನ ದೊಡ್ಡ ಆಟದ ಪಾರ್ಕಿಗೆ ಹೋಗುವ ಮಾತು ನಡೆದಿತ್ತು. “ನೀನು, ನಿಮ್ಮಪ್ಪ ಆಡ್ರಿ. ನಾ ರೊಟ್ಟಿ ಗಂಟು, ಚಪ್ಪಲಿ ಕಾಯ್ಕೋತ ಕುಂದರ್ತೀನಿ” ಎಂದುಬಿಟ್ಟಿದ್ದೆ.

ಮೂರೂ ಮಕ್ಕಳ ಎತ್ತರವನ್ನು ವರ್ಷವರ್ಷವೂ ಈ ಶಹಾಬಾದ್ ಕಲ್ಲಿನ ಗೋಡೆಯ ಮೇಲೆ ಗೀರಿದವಳು ನಾನೇ. ಈಗ ಅವಳು ನನ್ನ ನೆತ್ತಿಯ ಮಟ್ಟಕ್ಕೆ ಗೋಡೆಯಲ್ಲಿ ಗೀರಿ, ಟೇಪು ಹಿಡಿದು ನಕ್ಕಳು. “ಪಾರ್ಕಿನ್ಯಾಗ ಗರಗರ ತಿರಗೋ ದೊಡ್ಡ ತೊಟ್ಟಿಲಕ್ಕ ನಾಕೂವರಿ ಫೂಟ್ ಇದ್ರ ಸಾಕು. ನೀನೂ ಪಾಸ್!”

ರಜೆ ಇನ್ನೂ ದೂರವಿದೆ. ನನ್ನ ಎತ್ತರವನ್ನು ಹಿಂದೆ ಯಾರೂ ಅಳೆದಿರಲಿಲ್ಲ. ಕಸ ಗುಡಿಸುವಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಪೊರಕೆ ಬದಿಗಿಟ್ಟು ಆ ಗೆರೆಗೆ ತಲೆ ಹಚ್ಚಿ ನಿಲ್ಲುತ್ತೇನೆ.