ಪಾದರಸನ ಬಲಗಾಲು

ನನ್ನ ತಮ್ಮನನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಾರೆ. ಅವನಿಗೂ ಒಂದು ಸರಿಯಾದ ಹೆಸರಿದೆ, ಅದು ಬೇಕಾಗುವುದು ಬ್ಯಾಂಕಿನವರಿಗೆ ಮಾತ್ರ. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಹೇಗೋ ಒತ್ತಾಯ ಮಾಡಿ ಕೂರಿಸಿದರೆ ಬಲಗಾಲು ಶುರುವಾಗುತ್ತದೆ, ಊಟದ ಮೇಜಿನ ಮೇಲೆ ಲೋಟದ ನೀರು ಅಲುಗುತ್ತದೆ. "ಕಾಲು ಅಲ್ಲಾಡಿಸಬೇಡ್ವೋ" ಎಂದು ಅಮ್ಮ ಸಾಯುವ ತನಕ ಹೇಳಿದಳು, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಶಾಲೆಯಲ್ಲಿ ಅವನ ಬೆಂಚಿನಲ್ಲಿ ಕೂತವರ ಅಕ್ಷರವೆಲ್ಲ ಕೆಟ್ಟುಹೋಗಿತ್ತು. ಮದುವೆಯಾದ ಹೊಸದರಲ್ಲೇ ಅವನ ಹೆಂಡತಿ ಬೇರೆ ಮಂಚ ಮಾಡಿಸಿಕೊಂಡಳು. "ಭೂಕಂಪದಲ್ಲಿ ಮಲಗೋಕೆ ನನ್ನ ಕೈಲಿ ಆಗಲ್ಲ ಅತ್ತಿಗೆ" ಎಂದು ನನ್ನ ಮುಂದೆ ದೂರು ಹೇಳಿದಳು, ನಾನು ನಕ್ಕುಬಿಟ್ಟೆ.

ಗಡಿಯಾರದ ಅಂಗಡಿಗೆ ಸೇರಿಸಿದೆವು. ಅವನ ಕಾಲಿನ ದೆಸೆಯಿಂದ ಮೇಜಿನ ಮೇಲಿನ ಸಣ್ಣ ಸ್ಕ್ರೂಗಳೆಲ್ಲ ನೆಲ ಕಂಡವು. ಗ್ರಂಥಾಲಯಕ್ಕೆ ಸೇರಿಸಿದೆವು, ಓದುವವರು ಎದ್ದು ಹೋದರು. ಕೊನೆಗೆ ಲಿಫ್ಟ್ ರಿಪೇರಿಯ ಕೆಲಸ ಅವನನ್ನು ಹಿಡಿದುಕೊಂಡಿತು. ದಿನವಿಡೀ ಒಂದು ಕಟ್ಟಡದಿಂದ ಇನ್ನೊಂದಕ್ಕೆ, ನೆಲಮಾಳಿಗೆಯಿಂದ ತಾರಸಿಗೆ ಓಡಾಟ. ಹಗ್ಗಕ್ಕೆ ಗ್ರೀಸು, ಬ್ರೇಕಿಗೆ ಹೊಸ ಪಟ್ಟಿ, ಬಾಗಿಲ ಹಳಿಯಲ್ಲಿ ಸಿಕ್ಕಿಕೊಂಡ ಮಕ್ಕಳ ಆಟಿಕೆ. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು ಸ್ಯಾಕ್ಸೋಫೋನ್ ಎತ್ತಿಕೊಂಡರೆ ಬೇರೆಯೇ ಮನುಷ್ಯ. ಅಕ್ಕನಾದ್ದರಿಂದ ಹೊಗಳಬಾರದು, ಆದರೂ ಹೇಳುತ್ತೇನೆ: ಅವನ ಬೆರಳು ಓಡುವ ವೇಗಕ್ಕೆ ನನ್ನ ಹೊಲಿಗೆ ಯಂತ್ರವೂ ನಾಚಿಕೊಳ್ಳಬೇಕು. ನಾನು ಪರದೆ ಹೊಲಿಯುವವಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ಹೇಳುತ್ತಾರೆ. ಹೇಳಲಿ, ಪರದೆ ಮಾತ್ರ ನನ್ನ ಹತ್ತಿರವೇ ಹೊಲಿಸುತ್ತಾರೆ.

ಅವನು ನುಡಿಸುವುದು ಜಾಝ್. ಅದು ನನ್ನ ತಲೆಗೆ ಹತ್ತಲು ವರ್ಷಗಳೇ ಬೇಕಾದವು. ಮೊದಲು ಎಲ್ಲರೂ ಸೇರಿ ಒಂದು ಸಣ್ಣ ಧಾಟಿಯನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದನ್ನು ಬಿಟ್ಟು ತಮಗೆ ತೋಚಿದ ಕಡೆ ಅಲೆಯಲು ಹೊರಡುತ್ತಾರೆ, ಉಳಿದವರು ದೀಪ ಹಚ್ಚಿಟ್ಟುಕೊಂಡು ಕಾಯುತ್ತಾರೆ. ಕೊನೆಗೆ ಎಲ್ಲರೂ ಒಂದೇ ಗಳಿಗೆಯಲ್ಲಿ ಧಾಟಿಗೆ ವಾಪಸು ಬರಬೇಕು. ಎಷ್ಟು ಚೆನ್ನಾಗಿ ಅಲೆದರೂ ಒಟ್ಟಿಗೆ ಮನೆ ಸೇರದಿದ್ದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇಪ್ಪತ್ತು ವರ್ಷ ಬೇರೆಯವರ ಧಾಟಿಗಳನ್ನು ಬೇರೆಯವರ ಆಲ್ಬಂಗಳಲ್ಲಿ ನುಡಿಸಿದ. "ಈಗಿನ ಒಳ್ಳೊಳ್ಳೆ ವಾದ್ಯಗಾರರೆಲ್ಲ ತಮ್ದನ್ನ ತಾವೇ ಬರೀತಾರೆ ಅಕ್ಕಾ. ಇನ್ನೊಬ್ಬರ ಚಪ್ಪಲಿ ಹಾಕ್ಕೊಂಡು ಎಷ್ಟು ದಿನ ಅಂತ ನಡೀಲಿ?" ಎನ್ನುತ್ತಿದ್ದ. ಬರೆದ. ಲಿಫ್ಟಿನ ಗೂಡಿನೊಳಗೆ ನೇತಾಡುತ್ತ ಬರೆದ. ಆಸ್ಪತ್ರೆಯೊಂದರ ಹಳೆಯ ಲಿಫ್ಟಿನ ಬಾಗಿಲು ಮುಚ್ಚಲೋ ಬೇಡವೋ ಎಂದು ತಡವರಿಸುವ ರೀತಿಯೇ ಒಂದು ಧಾಟಿಯಾಯಿತು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ ಜನರ ಸಿಟ್ಟು ಇನ್ನೊಂದಾಯಿತು. ಬರೆದಿದ್ದನ್ನು ಮರುದಿನ ಬದಲಿಸುತ್ತಿದ್ದ, ಅದರ ಮರುದಿನ ಹರಿಯುತ್ತಿದ್ದ. ಒಂದು ಆಲ್ಬಂಗೆ ಸಾಕಾಗುವಷ್ಟು ಉಳಿದದ್ದೇ ದೊಡ್ಡದು.

ಡ್ರಮ್ಸ್ ನಮ್ಮಣ್ಣನದು. ಅಣ್ಣ ಪಾದರಸನಿಗಿಂತ ಎಂಟು ವರ್ಷಕ್ಕೆ ದೊಡ್ಡವನು. ಮುದ್ರಣಾಲಯದಲ್ಲಿ ದೊಡ್ಡ ಯಂತ್ರ ನಡೆಸಿ ನಿವೃತ್ತನಾದವನು. ಚಿಕ್ಕಂದಿನಲ್ಲಿ ಬಕೆಟ್ಟು ಬೋರಲು ಹಾಕಿ ಬಡಿದು ತಮ್ಮನಿಗೆ ತಾಳ ಕಲಿಸಿದವನೇ ಅಣ್ಣ. ಮಾತು ಕಡಿಮೆ, ಬಿಗುಮಾನ ಜಾಸ್ತಿ. ಪಿಯಾನೋಗೆ ಲೆಕ್ಕದ ಟೀಚರೊಬ್ಬರು, ನಿಂತು ನುಡಿಸುವ ದೊಡ್ಡ ಬಾಸ್‌ಗೆ ಒಬ್ಬ ಹಲ್ಲಿನ ಡಾಕ್ಟರು. ಇಷ್ಟೇ ಬಳಗ.

ಮನೆಯಲ್ಲೇ ಮಾಡಿದ ರೆಕಾರ್ಡಿಂಗನ್ನು ತಮ್ಮ ಪರಸ್ಥಳದ ಕಂಪನಿಯೊಂದಕ್ಕೆ ಕಳಿಸಿದ್ದ. ಅವರು ಕೇಳಿ ಕುಣಿದಾಡಿದರು, ಆಲ್ಬಂ ತರುತ್ತೇವೆ ಎಂದರು. ಆದರೆ ಒಂದು ಕರಾರು: ಉದ್ದಕ್ಕೂ ಕೇಳಿಸುವ ಆ ಧಡ್ ಧಡ್ ಸದ್ದು ಇರಕೂಡದು. ಮಹಾಶಯನ ಬಲಗಾಲು! ನನಗೆ ನಗು ಬಂತು, ಅವನಿಗೆ ಬರಲಿಲ್ಲ.

ಸ್ಟುಡಿಯೋ ಎಂದರೆ ಹಿಂದೆ ಜಮಖಾನೆಗಳ ಗೋದಾಮಾಗಿದ್ದ ಒಂದೇ ಉದ್ದನೆಯ ಕೋಣೆ. ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ಆದಿಯಿಂದ ಅಂತ್ಯದ ತನಕ ಒಂದೇ ಉಸಿರಿಗೆ ನುಡಿಸಬೇಕು. ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಬೀಳುವುದರಿಂದ ಆಮೇಲೆ ಕತ್ತರಿಸಿ ಅಂಟಿಸಲು ಬರುವುದಿಲ್ಲ. ರೆಕಾರ್ಡಿಂಗ್ ಮಾಡುವವನು ಸಮಾಧಾನದ ಮನುಷ್ಯ. ಎರಡು ಉಪಾಯ ಹೇಳಿದ. ತಮ್ಮನು ಶೂ ಬಿಚ್ಚಿ, ಕಾಲ ಕೆಳಗೆ ದಿಂಬು ಇಟ್ಟುಕೊಂಡು, ಅದೂ ಸಾಲದಿದ್ದರೆ ಕಾಲನ್ನು ಹಿಡಿತದಲ್ಲಿಟ್ಟುಕೊಂಡು ನುಡಿಸುವುದು. ಡ್ರಮ್ಸಿನ ಅಬ್ಬರ ಸ್ಯಾಕ್ಸೋಫೋನಿನ ಮೈಕಿಗೆ ನುಗ್ಗದಂತೆ ನಡುವೆ ದಪ್ಪ ಪರದೆ ಕಟ್ಟುವುದು.

ಪರದೆ ನನ್ನ ಪಾಲಿಗೆ ಬಂತು. ಮೂರು ಪದರದ ಮಖಮಲ್ಲಿನಲ್ಲಿ ಹೊಲಿದೆ. ಗಾಳಿಗೆ ಅಲುಗದಿರಲೆಂದು ಅಂಚಿನೊಳಗೆ ಸೀಸದ ತುಂಡುಗಳನ್ನು ಸೇರಿಸಿದೆ. ನೆಲ ಮುಟ್ಟುವಷ್ಟು ಉದ್ದ. ಬೆಳಿಗ್ಗೆ ಅದನ್ನು ತೂಗುಹಾಕಿದಾಗ ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ಪರದೆಯ ಆಚೆ ಅಣ್ಣ, ಈಚೆ ಉಳಿದ ಮೂವರು. ಅಣ್ಣನಿಗೆ ಹೆಡ್‌ಫೋನ್ ಕೊಟ್ಟರೆ ಬೇಡವೆಂದ. "ಕಿವಿಗೆ ಮುಚ್ಚಳ ಹಾಕ್ಕೊಂಡು ಯಾರಾದ್ರೂ ಬಾರಿಸ್ತಾರಾ?"

ಮೊದಲ ಸಲ ಧಾಟಿ ಸರಿಯಾಗಿ ಹೊರಟಿತು. ತಮ್ಮ ಅಲೆಯಲು ಹೊರಟ, ಅಲೆದ, ತಿರುಗಿ ಬಂದ. ಟೀಚರೂ ಡಾಕ್ಟರೂ ಅವನ ಜೊತೆಗೇ ಮನೆ ಸೇರಿದರು. ಅಣ್ಣ ಮಾತ್ರ ಇನ್ನೂ ದಾರಿಯಲ್ಲೇ ಇದ್ದ. ಎಲ್ಲರೂ ನಿಲ್ಲಿಸಿದ ಮೇಲೂ ಪರದೆಯಾಚೆ ಡ್ರಮ್ಸ್ ಸ್ವಲ್ಪ ಹೊತ್ತು ಓಡಿ, ಎಡವಿ, ನಿಂತಿತು. ಆಗುತ್ತದೆ, ಮೊದಲ ಸಲ. ಎರಡನೆಯ ಸಲ ಅಣ್ಣ ಮುಂಚೆಯೇ ಬಂದುಬಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತು ಏರಿಗೆ, ಕೋಣ ನೀರಿಗೆ. ಅಣ್ಣ ಪರದೆ ಸರಿಸಿಕೊಂಡು ಹೊರಬಂದವನೇ ಟೀಚರ ಮೇಲೆ ಹರಿಹಾಯ್ದ. "ನೀವು ಎಣಿಕೆ ತಪ್ಪಿಸಿದ್ರೆ ನಾನೇನು ಮಾಡ್ಲಿ? ಲೆಕ್ಕ ಹೇಳಿಕೊಡೋರು ನೀವು!" ಟೀಚರ ಮುಖ ಸಣ್ಣದಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ತಮ್ಮ ಗೋಡೆಯಿಂದ ಗೋಡೆಗೆ ಶತಪಥ ತಿರುಗತೊಡಗಿದ. ಕಾಲುಚೀಲದಲ್ಲಿದ್ದುದರಿಂದ ಸದ್ದೇ ಇಲ್ಲ, ಅದನ್ನು ನೋಡುತ್ತಿದ್ದರೆ ನನಗೇ ಚಡಪಡಿಕೆ ಹತ್ತಿತು. ರೆಕಾರ್ಡಿಂಗಿನವನು ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಬೇಜಾರು ಮಾಡ್ಕೋಬೇಡಿ. ನನಗೆ ಗೊತ್ತಿರೋ ಡ್ರಮ್ಮರ್ ಒಬ್ರಿದ್ದಾರೆ. ಕರೆದರೆ ಮಧ್ಯಾಹ್ನದೊಳಗೆ ಬರ್ತಾರೆ. ಸಂಜೆಗೆ ಆಲ್ಬಂ ಮುಗಿದೇ ಹೋಗುತ್ತೆ."

ತಮ್ಮ ತಿರುಗುವುದನ್ನು ನಿಲ್ಲಿಸಿದ. "ಇನ್ನೊಂದು ಸಲ ನೋಡೋಣ" ಎಂದ. ಬೇಡ ಅನ್ನಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಮತ್ತೆ ಶುರು ಮಾಡಿದರು. ನಾನು ಗೋಡೆಯ ಪಕ್ಕದ ಸಂದಿಯಿಂದ ಪರದೆಯ ಆಚೆ ಹೋಗಿ ನಿಂತೆ, ಅಣ್ಣನಿಗೆ ಧೈರ್ಯವಾಗಲಿ ಎಂದು. ಅವನು ನನ್ನನ್ನು ನೋಡಲಿಲ್ಲ. ಕೈಗಳು ತಮ್ಮ ಪಾಡಿಗೆ ತಾವು ಬಾರಿಸುತ್ತಿದ್ದವು, ಮೈ ಮಾತ್ರ ಪೂರ್ತಿ ಒಂದು ಕಡೆ ವಾಲಿತ್ತು. ಎಡಗಾಲನ್ನು ಮುಂದಕ್ಕೆ ಚಾಚಿ, ಶೂವಿನ ತುದಿಯಿಂದ ನನ್ನ ಪರದೆಯ ಅಂಚನ್ನು ಎತ್ತಲು ನೋಡುತ್ತಿದ್ದ. ಸೀಸ ತುಂಬಿದ ಅಂಚು, ಏಳಬೇಕಲ್ಲ! ಕೊನೆಗೆ ಗೇಣಷ್ಟು ಎತ್ತಿದ. ಕತ್ತು ಬಗ್ಗಿಸಿ ಆ ಸಂದಿಯಿಂದ ಆಚೆ ಇಣುಕಿದ. ನಾನೂ ಬಗ್ಗಿದೆ. ಆಚೆ ಕಂಡದ್ದು ತಮ್ಮನ ಬಲಗಾಲು, ದಿಂಬಿನ ಮೇಲೆ, ಅಲುಗಾಟವಿಲ್ಲದೆ.

"ಅಣ್ಣಾ" ಎಂದೆ. "ಅಣ್ಣಾ!" ಎಂದು ಕೂಗಿದೆ. ಸ್ಯಾಕ್ಸೋಫೋನ್ ನಿಂತಿತು, ಪಿಯಾನೋ ನಿಂತಿತು, ನನ್ನ ಕೂಗಿಗೆ ಇಡೀ ಕೋಣೆ ನಿಂತಿತು. ಅಣ್ಣ ಬಾರಿಸುತ್ತಲೇ ಇದ್ದ, ಆ ಕಾಲನ್ನೇ ನೋಡುತ್ತ.

ಯಾಕೆ ಅವನು ಈಚೆಗೆ ಫೋನ್ ಎತ್ತುತ್ತಿರಲಿಲ್ಲ, ಯಾಕೆ ಮಾತಾಡುವವರ ಬಾಯನ್ನೇ ನೋಡುತ್ತಿದ್ದ, ಯಾಕೆ ಮೊಮ್ಮಕ್ಕಳು ಹಿಂದಿನಿಂದ ಕರೆದರೆ ತಿರುಗದೆ ಜಂಬಗಾರ ಅನ್ನಿಸಿಕೊಳ್ಳುತ್ತಿದ್ದ, ಎಲ್ಲ ಒಟ್ಟಿಗೆ ತಿಳಿಯಿತು. ಅಷ್ಟು ವರ್ಷ ಆ ಯಂತ್ರದ ಪಕ್ಕದಲ್ಲಿ ನಿಂತದ್ದಕ್ಕೆ ಯಂತ್ರ ಅವನ ಕಿವಿಯನ್ನೇ ತಿಂದಿತ್ತು. ಹೆಡ್‌ಫೋನ್ ಹಾಕಿಕೊಂಡರೆ "ಕೇಳಿಸ್ತಾ?" ಎಂದು ಕೇಳುತ್ತಾರೆ, ಉತ್ತರ ಹೇಳಬೇಕಾಗುತ್ತದೆ.

ತಮ್ಮನ ರಟ್ಟೆ ಹಿಡಿದು ಹೊರಗಿನ ಮೆಟ್ಟಿಲಿಗೆ ಎಳೆದುಕೊಂಡು ಹೋದೆ.

"ಅಣ್ಣನಿಗೆ ಕಿವಿ ಕೇಳಿಸ್ತಿಲ್ಲ ಕಣೋ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೂರು ನಾಲ್ಕು ವರ್ಷ ಆಯ್ತು. ಬಾರಿಸೋವಾಗ ನನ್ನ ಕಾಲು ನೋಡ್ಕೊಂಡೇ ಬಾರಿಸ್ತಾನೆ. ಅದಕ್ಕೇ ಜೋರಾಗಿ ಹಾಕ್ತಿದ್ದೆ. ಧಾಟಿಗೆ ವಾಪಸು ಬರೋ ಮುಂಚೆ ಎರಡು ಸಲ ಹಿಮ್ಮಡಿ ಒತ್ತಿದ್ರೆ ಅವನಿಗೆ ಗೊತ್ತಾಗುತ್ತೆ. ನಾವಿಬ್ರೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ."

"ಮತ್ತೆ ಇವತ್ತು ದಿಂಬು ಯಾಕೋ ಇಟ್ಕೊಂಡೆ, ಪಾಪಿ? ಈ ಹಾಳು ಪರದೆ ಯಾಕೆ ಕಟ್ಟಿಸ್ದೆ ನನ್ನ ಕೈಲಿ?"

ಅವನು ಮೆಟ್ಟಿಲ ಮೇಲೆ ಕೂತ. ಕಾಲು ಅಲುಗಲಿಲ್ಲ, ಅದನ್ನು ನೋಡಿ ನನಗೆ ಭಯವಾಯಿತು. "ನಂದೂ ಅಂತ ಒಂದು ಆಲ್ಬಂ ಚೊಕ್ಕವಾಗಿ ಬರಲಿ ಅಂತ ಆಸೆ ಆಯ್ತು ಅಕ್ಕಾ. ಅಭ್ಯಾಸ ಇದೆಯಲ್ಲ, ಹೇಗೋ ಬಾರಿಸಿಬಿಡ್ತಾನೆ ಅಂದ್ಕೊಂಡೆ. ಈಗ ಇವರು ಇನ್ನೊಬ್ಬ ಡ್ರಮ್ಮರ್ ಅಂದಾಗ, ಒಂದು ನಿಮಿಷ... ಒಂದು ನಿಮಿಷ ನನಗೆ ಖುಷಿ ಆಯ್ತು." ಹೇಳಿ ಮುಖ ಮುಚ್ಚಿಕೊಂಡು ಅತ್ತ. ನನಗೂ ಅಳು ಬಂತು, ಆದರೆ ಕೋಪ ಇನ್ನೂ ಇಳಿದಿರಲಿಲ್ಲ. "ಅಳೋದು ಆಮೇಲೆ ಇರಲಿ. ಏನ್ ಮಾಡ್ತೀಯ ಹೇಳು" ಎಂದೆ.

ಅವನು ಎದ್ದು ಒಳಗೆ ಹೋದ. ಶೂ ಹಾಕಿಕೊಂಡ. ದಿಂಬನ್ನು ಮೂಲೆಗೆ ಎಸೆದ. ಮೂಲೆಯಲ್ಲಿದ್ದ ಹಲಗೆಯೊಂದನ್ನು ಎಳೆದು ತಂದು ಕಾಲಿನ ಕೆಳಗೆ ಹಾಕಿಕೊಂಡ. ನಾನು ಏಣಿ ಹತ್ತಿ ಪರದೆ ಇಳಿಸಿದೆ. ಸೀಸದ ಅಂಚು ನೆಲಕ್ಕೆ ಬಿದ್ದ ಸದ್ದಿಗೆ ಡಾಕ್ಟರು ಬೆಚ್ಚಿದರು. ರೆಕಾರ್ಡಿಂಗಿನವನು ಕೈ ಕೈ ಹಿಸುಕಿಕೊಂಡ. "ಕಂಪನಿಯವರು ಒಪ್ಪಲ್ಲ. ಆಮೇಲೆ ನನ್ನ ಕೇಳಬೇಡಿ."

"ಕೇಳಲ್ಲ. ನೀವು ಬಟನ್ ಒತ್ತಿ" ಎಂದ ತಮ್ಮ.

ಕಂಪನಿಯವರು ಒಪ್ಪಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಲ್ಬಂ ಈಗ ಇಂಟರ್ನೆಟ್ಟಿನಲ್ಲಿ ಎಲ್ಲೋ ಒಂದು ಕಡೆ ಇದೆ, ಹುಡುಕಿಕೊಂಡು ಹೋದವರಿಗೆ ಸಿಗುತ್ತದೆ. ಎರಡನೆಯ ಡ್ರಮ್ಮರ್ ಯಾರು, ಬಹಳ ಗಟ್ಟಿಗ, ಎಂದು ಕೇಳುಗರೊಬ್ಬರು ಬರೆದಿದ್ದರು.

ಆ ದಿನ ಅವರು ಸಂಜೆಯ ತನಕ ನುಡಿಸಿದರು. ಹಲಗೆಯ ಮೇಲೆ ಕಾಲು ಬಡಿಯುತ್ತಿತ್ತು. ತಮ್ಮ ಅಲೆಯಲು ಹೊರಟ, ಆ ತರಹ ಅವನು ಅಲೆದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಸಿಕ್ಕಿಬಿದ್ದ ಲಿಫ್ಟಿನೊಳಗೆ ಇಡೀ ಜನ್ಮ ಕಳೆದವನೊಬ್ಬ ಬಾಗಿಲನ್ನು ಗುದ್ದುತ್ತಿದ್ದಾನೆ ಅನ್ನಿಸಿತು. ಹಿಮ್ಮಡಿ ಎರಡು ಸಲ ಬಿತ್ತು. ಅಣ್ಣ ಸರಿಯಾದ ಗಳಿಗೆಗೆ ಬಂದು ಸೇರಿದ. ಟೀಚರು ಪಿಯಾನೋದಿಂದ ಕೈ ತೆಗೆದು ಕಣ್ಣೊರೆಸಿಕೊಂಡರು. ಅವರಿಗೂ ಆ ಹೊತ್ತಿಗೆ ಅರ್ಥವಾಗಿತ್ತು.

ಕೊನೆಗೆ ಎಲ್ಲರೂ ದೊಡ್ಡ ಸ್ಪೀಕರುಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತರು, ನುಡಿಸಿದ್ದನ್ನು ಕೇಳಲು. ತಮ್ಮ ಎಂದಿನಂತೆ ಹೊರಗೆ ಹೋಗಿಬಿಟ್ಟ. ತನ್ನದನ್ನು ತಾನು ಕೇಳಿಸಿಕೊಳ್ಳುತ್ತ ಒಂದು ಕಡೆ ಕೂರುವುದು ಅವನಿಂದ ಯಾವತ್ತೂ ಆದದ್ದಿಲ್ಲ. ಅಂಗಳದಲ್ಲಿ ಹಿಂದಕ್ಕೆ ಮುಂದಕ್ಕೆ ಓಡಾಡುತ್ತಿದ್ದ. ಸ್ಪೀಕರಿನಿಂದ ಧಾಟಿ ಹೊರಟಿತು. ಅಣ್ಣ ತಲೆ ತೂಗತೊಡಗಿದ. ತಾಳ ಒಂದು ಕಡೆ, ಅವನ ತಲೆ ಇನ್ನೊಂದು ಕಡೆ. ನಾವೆಲ್ಲ ನೆಲ ನೋಡಿದೆವು. ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ತಲೆ ತೂಗುವುದನ್ನು ನಿಲ್ಲಿಸಿದ. ಎದ್ದು ಹೋಗಿ ಬಾಗಿಲು ತೆರೆದು, ಕಿವಿ ಕೇಳದವರು ಕೂಗುವ ಹಾಗೆ ಬಹಳ ಜೋರಾಗಿ ಕೂಗಿದ.

"ಲೋ, ಒಳಗೆ ಬಂದು ಕೂತ್ಕೊಳ್ಳೋ. ನೀನು ಕಾಲು ಹಾಕದೇ ಇದ್ರೆ ನನಗೆ ಏನೂ ಕೇಳಿಸಲ್ಲ."

ತಮ್ಮ ಒಳಗೆ ಬಂದ. ರೆಕಾರ್ಡಿಂಗಿನವನು ಮತ್ತೆ ಮೊದಲಿನಿಂದ ಹಾಕಿದ. ಅಣ್ಣನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಆಲ್ಬಂ ಪೂರ್ತಿ ಮುಗಿಯುವ ತನಕ ತಮ್ಮ ಒಂದು ಸಲವೂ ಮೇಲೇಳಲಿಲ್ಲ.