ಎಣಿಸದೆ ಕೊಟ್ಟ ಬೆಳ್ಳಿ

ದೋನ್ಯಾ ಸತುರ್ನೀನಾಳ ಮನೆಯಲ್ಲಿ ಉಂಡವರು ಯಾರೂ ಬೆಳ್ಳಿ ತಟ್ಟೆಯಲ್ಲಿ ಉಂಡವರಲ್ಲ. ಅಂಚು ಸಿಡಿದ ಎನಾಮಲ್ ತಟ್ಟೆ, ಹಿಡಿ ಕಳಚಿದ ಲೋಟ, ಅಷ್ಟೇ. ಆದರೆ ಅವಳ ಮಂಚದ ಕೆಳಗಿನ ಪೆಟ್ಟಿಗೆಗಳಲ್ಲಿ ನಮ್ಮ ಒರೂರೋ ಪಟ್ಟಣದ ಹಳೇ ಶ್ರೀಮಂತಿಕೆಯ ಅರ್ಧಪಾಲು ಹರಕು ಉಣ್ಣೆ ಲಂಗಗಳಲ್ಲಿ ಸುತ್ತಿಕೊಂಡು ಮಲಗಿತ್ತು. ಸಿಂಹದ ಕಾಲಿನ ಸಕ್ಕರೆ ಡಬ್ಬಿ, ಮೀನಿನ ಆಕಾರದ ಉಪ್ಪಿನ ಬಟ್ಟಲು, ಮಗುವನ್ನು ಕೂರಿಸಿ ಮೀಯಿಸಬಹುದಾದಷ್ಟು ದೊಡ್ಡ ಸೂಪಿನ ಬೋಗುಣಿ, ದ್ರಾಕ್ಷಿ ಬಳ್ಳಿ ಕೆತ್ತಿದ ಹರಿವಾಣ, ಮತ್ತೆ ಚಮಚಗಳು. ಚಮಚ ಎಷ್ಟಿದ್ದವು ಎಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿರಬಾರದು ಎಂಬುದು ಅವಳ ಹಟವಾಗಿತ್ತು.

ಆ ಹಟ ಹುಟ್ಟಿದ್ದು ಹೀಗೆ. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅವಳನ್ನು ಗಣಿ ಮಾಲೀಕರೊಬ್ಬರ ಮನೆಯ ಕೆಲಸಕ್ಕೆ ಬಿಟ್ಟಿದ್ದರು. ಊಟವಾದ ಮೇಲೆ ಆ ಮನೆಯ ಯಜಮಾನಿ ಚಮಚಗಳನ್ನು ಮೇಜಿನ ಮೇಲೆ ಹರಡಿ, ಬಾಯಿಬಿಟ್ಟು ಎಣಿಸುತ್ತಿದ್ದಳು. ಊನೋ, ದೋಸ್, ತ್ರೇಸ್. ಎಣಿಕೆ ಮುಗಿಯುವವರೆಗೆ ಹುಡುಗಿ ಬಾಗಿಲ ಬಳಿ ಕೈ ಹಿಂದೆ ಕಟ್ಟಿಕೊಂಡು ನಿಂತಿರಬೇಕು. ಮನೆಯಲ್ಲಿ ಕೆಚುವಾ ಮಾತ್ರ ಆಡುತ್ತಿದ್ದ ಆ ಮಗು ಸ್ಪ್ಯಾನಿಷ್‌ನಲ್ಲಿ ಮೊದಲು ಕಲಿತದ್ದೇ ಆ ಎಣಿಕೆ. ಒಂದು ಚಮಚವೂ ಎಂದೂ ಕಡಿಮೆಯಾಗಲಿಲ್ಲ. ಆದರೂ ಎಣಿಕೆ ಒಂದು ದಿನವೂ ತಪ್ಪಲಿಲ್ಲ.

"ಅವತ್ತೇ ಅಂದ್ಕೊಂಡೆ ಕಣೇ," ಎಂದು ನನಗೆ ಹೇಳಿದ್ದಳು. "ನನ್ ಹತ್ರನೂ ಒಂದಿನ ಚಮಚ ಆಗ್ತವೆ. ಆದ್ರೆ ಯಾರ್ ಎದುರಿಗೂ ಎಣ್ಸೋದಿಲ್ಲ."

ದೊಡ್ಡವಳಾದ ಮೇಲೆ ಸಂತೆಬೀದಿಯ ಮೂಲೆಯಲ್ಲಿ ಬೆಳ್ಳಂಬೆಳಗ್ಗೆ ಆಪಿ ಮಾರಲು ಕುಳಿತಳು. ನೇರಳೆ ಜೋಳದ ಆ ಬಿಸಿ ಗಂಜಿ ಹೊಟ್ಟೆಗೆ ಬೀಳದೆ ಈ ಊರಿನಲ್ಲಿ ಯಾರ ಕೈಬೆರಳೂ ಬಗ್ಗುವುದಿಲ್ಲ. ನನ್ನ ಉಣ್ಣೆ ಅಂಗಡಿ ಅವಳ ಎದುರಿಗೇ. ಗಣಿಗಳು ಮುಚ್ಚಿ ಜನ ಗಂಟುಮೂಟೆ ಕಟ್ಟಿದ ವರ್ಷ, ಬಸ್ಸು ಹತ್ತುವ ಮುಂಚೆ ಎಷ್ಟೋ ಹೆಂಗಸರು ಅವಳ ಬೆಂಚಿನ ಮೇಲೆ ಕುಳಿತು, ಶಾಲಿನೊಳಗಿಂದ ಒಂದು ತಟ್ಟೆ, ಒಂದು ಬಟ್ಟಲು ತೆಗೆದರು. ಸತುರ್ನೀನಾ ಚೌಕಾಸಿ ಮಾಡಲಿಲ್ಲ. ಯಾವುದು ಯಾರ ಮನೆಯದು ಎಂಬುದನ್ನು ಮಾತ್ರ ಮರೆಯಲಿಲ್ಲ. ಬೂದಿ ಹಾಕಿ ತಿಕ್ಕುವಾಗ ಹೆಸರು ಹಿಡಿದು ಮಾತನಾಡಿಸುತ್ತಿದ್ದಳು. "ಎಂಜಿನಿಯರ್ ಹೆಂಡ್ತೀದು ನೀನು, ಜಂಬ ಜಾಸ್ತಿ ನಿಂಗೆ."

ಅವಳ ಗಂಡ ಮೆಲಿತೋನನಿಗೆ ಬೇರೆ ಹುಚ್ಚು: ಊರುಗೋಲು. ಸರಕು ಲಾರಿ ಓಡಿಸುತ್ತಿದ್ದವನು, ಹೋದ ಊರಿನಿಂದೆಲ್ಲ ಒಂದು ವಿಚಿತ್ರ ಕೋಲು ತರುತ್ತಿದ್ದ. ಹಿಡಿಯೊಳಗೆ ದಿಕ್ಸೂಚಿ ಇರುವುದು, ಬಿಚ್ಚಿದರೆ ಕುಳಿತುಕೊಳ್ಳುವ ಪೀಠವಾಗುವುದು, ಕುಡಿತದ ಚಪಲವಿದ್ದ ಯಾವನೋ ವಕೀಲ ಒಳಗೆ ಹೆಂಡದ ಗಾಜಿನ ನಳಿಗೆ ಅಡಗಿಸಿಕೊಂಡದ್ದು.

"ನಿಂಗೆ ಕಾಲು ಎರಡೇ ಅಲ್ವೇನಯ್ಯ?" ಎನ್ನುತ್ತಿದ್ದಳು ಸತುರ್ನೀನಾ.

"ನಿಂಗೆ ಬಾಯಿ ಒಂದೇ ಅಲ್ವೇನೇ? ಅಷ್ಟ್ ಚಮಚ ಯಾಕೆ?"

ಮೆಲಿತೋನನ ಪ್ರಾಣವಿದ್ದದ್ದು ಒಂದರಲ್ಲಿ. ಬೆಟ್ಟದ ತುದಿಯಲ್ಲಿ ಬೆಳೆಯುವ ಕೆನ್ಯುವಾ ಮರದ ಬೇರಿನಿಂದ ಮಾಡಿದ ಕೋಲು ಅದು. ಹಾವು ಹೆಣೆದುಕೊಂಡಂತೆ ತಿರುಚಿತ್ತು, ತುದಿಯಲ್ಲಿ ಬೆಳ್ಳಿಯ ಲಾಮಾ ತಲೆ. ಕಾರ್ನಿವಲ್‌ನ ಮುದುಕರ ಕುಣಿತದಲ್ಲಿ ಗೂನು ಕಟ್ಟಿಕೊಂಡು, ಉದ್ದ ಟೋಪಿ ಹಾಕಿಕೊಂಡು, ಆ ಕೋಲನ್ನು ಕಲ್ಲುಬೀದಿಗೆ ಕುಟ್ಟಿ ಅವನು ಕುಣಿಯುತ್ತಿದ್ದ. ಒಂದು ವರ್ಷ ಕುಟ್ಟಿದ ಏಟಿಗೆ ನಡುವೆ ಸೀಳು ಬಿತ್ತು. ನಮ್ಮ ಓಣಿಯ ಇಲಾರಿಯಾ ಕೋಲನ್ನು ಮಂಡಿಯ ನಡುವೆ ಅದುಮಿ ಹಿಡಿದುಕೊಂಡಳು, ಮೆಲಿತೋನ್ ತಾಮ್ರದ ತಂತಿ ಸುತ್ತಿದ, ಸತುರ್ನೀನಾ ಗಂಟು ಹಾಕಿದಳು. ಅಲ್ಲಿಂದ ಮುಂದೆ ಅದು ಅಲುಗಲಿಲ್ಲ. ಮೆಲಿತೋನ್ ತೀರಿಕೊಂಡ ಮೇಲೆ ಮಿಕ್ಕ ಕೋಲುಗಳು ಗೋಡೆಗೆ ಒರಗಿದವು, ಇದು ಮಾತ್ರ ಅವಳ ಮಂಚದ ತಲೆದೆಸೆಯಲ್ಲಿ ನಿಂತಿತು.

ಇಲಾರಿಯಾ ಕುಣಿತದ ಅಂಗಿಗಳಿಗೆ ಜರಿ ಹೊಲಿಯುವವಳು. ಸತುರ್ನೀನಾಳಿಗೆ ಮಕ್ಕಳಿಲ್ಲ, ಇಲಾರಿಯಾಳ ಮಗಳು ಬೆನೀತಾಳಿಗೆ ದೀಕ್ಷಾಸ್ನಾನದ ದಿನ ತಲೆ ಹಿಡಿದು ಮಾದ್ರೀನಾ, ಅಂದರೆ ಧರ್ಮತಾಯಿ, ಆದವಳು ಇವಳೇ. ಹಾಗಾಗಿ ಇಬ್ಬರೂ ಕೊಮಾದ್ರೆಯರು. ನಮ್ಮಲ್ಲಿ ಒಡಹುಟ್ಟಿದವಳ ಜೊತೆ ಜಗಳ ಆಡಬಹುದು, ಕೊಮಾದ್ರೆಯ ಜೊತೆ ಆಡುವ ಹಾಗಿಲ್ಲ.

ಕಾರ್ನಿವಲ್ ಶನಿವಾರ ಗಣಿತಾಯಿಯ ಗುಡಿಗೆ ಹೋಗುವ ಮೆರವಣಿಗೆಯಲ್ಲಿ ಕುಣಿಯುವವರ ಮುಂದೆ ಬೆಳ್ಳಿ ಹೊದ್ದ ಜೀಪು ಹೋಗಬೇಕು. ಜೀಪಿಗೆ ಕಂಬಳಿ ಹೊದಿಸಿ, ತಟ್ಟೆ, ಬಟ್ಟಲು, ಚಮಚ ಎಲ್ಲವನ್ನೂ ಹೊಲಿದು ಕಟ್ಟುತ್ತೇವೆ. ತಾಯಿ ಕೊಟ್ಟದ್ದನ್ನು ತಾಯಿಗೆ ತೋರಿಸುವುದು. ಒಂದೇ ಮನೆಯ ಬೆಳ್ಳಿಯಿಂದ ಜೀಪು ತುಂಬುವುದಿಲ್ಲ, ಓಣಿಯವರೆಲ್ಲ ಕೊಡಬೇಕು. ಹೆಚ್ಚು ಕೊಡುವವಳು ಸತುರ್ನೀನಾ, ಬೆಳ್ಳಿಯ ಜೊತೆಗೆ ಮುದುಕರ ಕುಣಿತಕ್ಕೆ ಮೆಲಿತೋನನ ಕೋಲುಗಳನ್ನೂ. ಬೇರೆ ಮನೆಗಳಲ್ಲಿ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತಿದ್ದರು. ಇವಳ ಮನೆಯಲ್ಲಿ ಕೇಳಲು ಬಂದವರು ಒಂದು ಹಿಡಿ ಕೋಕಾ ಎಲೆ ಇಟ್ಟರೆ ಪೆಟ್ಟಿಗೆ ತೆರೆಯುತ್ತಿತ್ತು. ಹಿಂದಿರುಗಿಸುವಾಗ ಗಂಟನ್ನು ಹಾಗೇ ಒಳಗೆ ತಳ್ಳುತ್ತಿದ್ದಳು. "ಬಿಚ್ಬೇಡ ಬಿಡು, ಆಪಿ ಕುಡಿ." ನೋಡನೋಡುತ್ತ ಓಣಿಯವರಿಗೂ ಎಣಿಸಲು ನಾಚಿಕೆಯಾಗತೊಡಗಿತು. ನಾನೂ ಬಿಟ್ಟೆ.

ಇಲಾರಿಯಾಳ ಸರದಿ ಬಂತು. ಆ ವರ್ಷದ ಹಬ್ಬದ ಹೊಣೆ ಅವಳದು: ಬ್ಯಾಂಡು, ಬಿಯರು, ಊಟ, ಜೀಪು. ಅಂಥ ಬ್ಯಾಂಡನ್ನು ನಮ್ಮ ಓಣಿ ಕಂಡಿರಲಿಲ್ಲ. ತುತ್ತೂರಿಗಳ ಸದ್ದಿಗೆ ನನ್ನ ಅಂಗಡಿಯ ಗಾಜು ನಡುಗಿತು. ಸತುರ್ನೀನಾ ಲಂಗ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ಕುಣಿದಳು. ಇಲಾರಿಯಾಳ ಕೆನ್ನೆ ಹಿಡಿದು, "ನನ್ ಮೆಲಿತೋನ್ ಇರ್ಬೇಕಿತ್ತು ಕೊಮಾದ್ರೆ, ಈ ಬ್ಯಾಂಡ್ ಕೇಳೋಕೆ," ಎಂದಳು. ವಾರದ ಮೇಲೆ ಬೆಳ್ಳಿಯ ಗಂಟೂ ಕೋಲುಗಳ ಕಟ್ಟೂ ಹಿಂದಿರುಗಿದವು. ಲಾಮಾ ತಲೆಯ ಕೋಲು ಮತ್ತೆ ತಲೆದೆಸೆಗೆ ಹೋಯಿತು. ಎಂದಿನಂತೆ ಎಣಿಕೆ ಇಲ್ಲ.

ಮುಂದಿನ ವರ್ಷ ಮೆಲಿತೋನನ ಅಣ್ಣನ ಮಗ ರುಪೆರ್ತೊ ಮೊದಲ ಸಲ ಮುದುಕನ ವೇಷ ಹಾಕಿದ. ಚಿಕ್ಕಪ್ಪನ ಕೋಲು ಹಿಡಿದು ಕುಣಿಯುವುದು ಎಂದರೆ ಅವನಿಗೆ ನೆಲದ ಮೇಲೆ ಕಾಲಿಲ್ಲ. ಸತುರ್ನೀನಾ ತಾನೇ ಕೋಲು ಒರೆಸಿ ಕೈಗೆ ಕೊಟ್ಟಳು.

"ಮೆಲ್ಲಗೆ ಕುಟ್ಟೋ."

"ಚಿಕ್ಕಮ್ಮ, ಚಿಕ್ಕಪ್ಪ ಮೆಲ್ಲಗೆ ಕುಟ್ತಿದ್ರಾ?"

"ಅವರ್ಯಾಕೆ ಮೆಲ್ಲಗೆ ಕುಟ್ತಾರೆ, ಕತ್ತೆ. ಕುಟ್ಟು ಹೋಗು."

ಗುಡಿಯ ಕೆಳಗಿನ ಇಳಿಜಾರಿನಲ್ಲಿ ಮುದುಕರೆಲ್ಲ ಒಟ್ಟಿಗೆ ಕೋಲು ಕುಟ್ಟುವ ಜಾಗವಿದೆ. ಕುಟ್ಟಿದರು. ರುಪೆರ್ತೊನ ಕೈಯಲ್ಲಿದ್ದದ್ದು ಎರಡು ತುಂಡಾಯಿತು. ಜನ ನಕ್ಕರು, ಅದೂ ಆಟದ ಭಾಗ ಅಂದುಕೊಂಡು. ಹುಡುಗ ಮುಖವಾಡದೊಳಗೇ ಅಳುತ್ತ ತುಂಡುಗಳನ್ನು ತಂದು ಚಿಕ್ಕಮ್ಮನ ಮಡಿಲಿಗೆ ಹಾಕಿದ. ನಾನು ಪಕ್ಕದಲ್ಲೇ ಇದ್ದೆ.

ಕೆನ್ಯುವಾ ಮರದ ತಿರುಳು ರಕ್ತದಂತೆ ಕೆಂಪು. ಅವಳ ಮಡಿಲಲ್ಲಿದ್ದ ಮರ ಒಳಗೆಲ್ಲ ಬೆಳ್ಳಗಿತ್ತು. ಮೂಗಿಗೆ ಹಿಡಿದಳು. ನನಗೂ ಹಿಡಿದಳು. ನೀಲಗಿರಿ. ಮೇಲೆ ಬಣ್ಣ, ತುದಿಯಲ್ಲಿ ಲಾಮಾ ತಲೆ, ನಡುವೆ ತಾಮ್ರದ ತಂತಿ. ಸುತ್ತು, ಗಂಟು ಎಲ್ಲ ಹಾಗೇ.

ಬ್ಯಾಂಡು ಮುಂದೆ ಹೋಯಿತು. ಅವಳು ಅಲ್ಲೇ ಕುಳಿತಿದ್ದಳು. ಆ ತಂತಿಯ ಗಂಟನ್ನು ಹೆಬ್ಬೆರಳಲ್ಲಿ ಸವರುತ್ತಿದ್ದಳು. "ಕೊಮಾದ್ರೆ ಈ ಗಂಟನ್ನೂ ಮಾಡ್ಸಿದಾಳೆ ನೋಡು," ಎಂದಳು, ಅಷ್ಟೇ.

ಬೆಳ್ಳಿ ಮನೆಗೆ ಬಂದ ಮೇಲೆ ದ್ರಾಕ್ಷಿ ಬಳ್ಳಿಯ ಹರಿವಾಣವನ್ನು ಬೋರಲು ಹಾಕಿ, ತಳವನ್ನು ಮೊಳೆಯಿಂದ ಗೀರಿದಳು. ಹಳದಿ ಇಣುಕಿತು. ಬೋಗುಣಿಯನ್ನು ಗೀರಿದಳು. ಅಲ್ಲಿಯೂ ಹಿತ್ತಾಳೆ. ಮೊಳೆ ಕೆಳಗಿಟ್ಟು ನನ್ನನ್ನು ಕರೆದಳು. "ನಡಿ ನನ್ ಜೊತೆ. ಒಬ್ಳೇ ಹೋದ್ರೆ ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ."

ಇಲಾರಿಯಾ ಅಂಗಳದಲ್ಲಿ ಬಟಾಣಿ ಸುಲಿಯುತ್ತಿದ್ದಳು. ನಮ್ಮನ್ನು ನೋಡಿ ಮಣೆ ತಳ್ಳಿದಳು. "ಬನ್ನಿ ಬನ್ನಿ. ಕೋಲ್ ಮುರೀತಂತಲ್ಲ ಕೊಮಾದ್ರೆ, ಕೇಳ್ದೆ. ಹಳೇ ಮರ, ಎಷ್ಟು ಅಂತ ತಾಳುತ್ತೆ ಪಾಪ."

ಸತುರ್ನೀನಾ ಕೂರಲಿಲ್ಲ. "ಮುರ್ದಿದ್ದು ಹೊಸ ಮರ. ಹಳೇದು ಎಲ್ಲಿ?"

ಇಲಾರಿಯಾ ಇನ್ನೆರಡು ಕಾಯಿ ಸುಲಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟಳು.

"ಲಾ ಪಾಸಿಂದ ಒಬ್ಬ ಬರ್ತಿದ್ದ, ಹಳೇ ಸಾಮಾನು ಕೊಳ್ಳೋನು. ಬ್ಯಾಂಡಿನೋರು ಮುಂಗಡ ಇಲ್ದೆ ಬರಲ್ಲ ಅಂದ್ರು. ಇಡೀ ಓಣಿ ನನ್ ಬಾಗಿಲು ನೋಡ್ತಿತ್ತು."

"ಯಾವಾಗ ಕೊಟ್ಟೆ?"

"ದುಡ್ಡು ಮೊದ್ಲೇ ಇಸ್ಕೊಂಡೆ, ಸಾಮಾನು ಕೊಟ್ಟಿದ್ದು ಹಬ್ಬ ಆದ್ಮೇಲೆ. ಜೀಪಿಗೆ ಕಟ್ಟಿದ್ದು ನಿಂದೇ ನಿಜವಾದ್ದು, ತಾಯಿ ಮುಂದೆ ಸುಳ್ಳು ಮಾಡ್ಲಿಲ್ಲ ನಾನು."

"ತಾಯಿ ಮುಂದೆ ಮಾಡ್ಲಿಲ್ಲ. ನನ್ ಮುಂದೆ ಮಾಡ್ದೆ. ಹಬ್ಬಕ್ ಮುಂಚೆನೇ ಕೂತು ನಕಲು ಮಾಡ್ಸಿದ್ಯಲ್ಲ, ತಂತಿ ಸಮೇತ. ಆ ತಂತಿ ಸುತ್ತೋವಾಗ ಕೋಲ್ ಹಿಡ್ಕೊಂಡಿದ್ದೋಳು ನೀನೇ ಇಲಾರಿಯಾ."

ಕೊಮಾದ್ರೆ ಎನ್ನದೆ ಅವಳು ಆ ಹೆಸರು ಹಿಡಿದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಇಲಾರಿಯಾಳ ಮುಖ ಕೆಂಪಾಯಿತು.

"ವರ್ಷಕ್ಕೊಂದ್ ದಿನ ಬಿಸಿಲು ಕಾಣೋ ಸಾಮಾನು. ನೀನೇನ್ ಅದ್ರಲ್ ಉಣ್ತಿದ್ಯಾ? ಎಲ್ರಿಗಿಂತ ಮುಂದೆ ಕುಣಿದೋಳು ನೀನು. ನನ್ ಕೆನ್ನೆ ಹಿಡ್ಕೊಂಡ್ ಹೊಗಳಿದೋಳೂ ನೀನೇ."

"ಹೌದು," ಎಂದಳು ಸತುರ್ನೀನಾ. "ನನ್ ಗಂಡನ್ ಕೋಲ್ ಮಾರಿದ್ ದುಡ್ಡಲ್ಲಿ ನನ್ನೇ ಕುಣಿಸ್ದೆ. ಕೇಳಿದ್ರೆ ಕೊಡ್ತಿದ್ದೆನಲ್ಲ."

"ಮಾರೋಕೆ ಕೋಲು ಕೊಡ್ತಿದ್ಯಾ?"

ಸತುರ್ನೀನಾ ಯೋಚಿಸಿದಳು. ಸುಳ್ಳು ಅವಳ ಬಾಯಿಗೆ ಒಗ್ಗುತ್ತಿರಲಿಲ್ಲ. "ಬೋಗುಣಿ ಕೊಡ್ತಿದ್ದೆ. ಹರಿವಾಣನೂ ಕೊಡ್ತಿದ್ದೆ. ಕೋಲು ಕೊಡ್ತಿರ್ಲಿಲ್ಲ."

"ಅವನಿಗೆ ಬೇಕಾಗಿದ್ದೇ ಕೋಲು. ಅದಿಲ್ದೆ ಮಿಕ್ಕಿದ್ದು ಬೇಡ ಅಂದ. ಅದ್ಕೇ ಕೇಳ್ಲಿಲ್ಲ."

ಲಾ ಪಾಸಿನವನು ಯಾವುದೋ ಪರದೇಶದವನಿಗೆ ಅದನ್ನು ದಾಟಿಸಿಯಾಗಿತ್ತು. ಹುಡುಕಿಕೊಂಡು ಹೋಗಲು ದಾರಿಯೂ ಇರಲಿಲ್ಲ. ಹೊರಗೆ ಬಂದ ಮೇಲೆ ಸತುರ್ನೀನಾ ಬೈಯಲಿಲ್ಲ, ಅಳಲಿಲ್ಲ. ದಾರಿಯಲ್ಲಿ ಒಂದೇ ಮಾತು ಹೇಳಿದಳು. "ಎಣ್ಸೋದಿಲ್ಲ ಅಂತ ಅವಳಿಗ್ ಗೊತ್ತಿತ್ತು. ಅದನ್ನೇ ನಂಬ್ಕೊಂಡು ಮಾಡಿದಾಳೆ."

ಓಣಿಗೆ ಸುದ್ದಿ ಹೋಗದೆ ಇರುತ್ತದೆಯೇ? ಎಲ್ಲರೂ ಮುಂದಿನ ಹಬ್ಬದ ಕಡೆ ನೋಡತೊಡಗಿದರು. ಏಕೆಂದರೆ ಆ ಹಬ್ಬದ ಹೊಣೆ ಹೊತ್ತವಳು ಬೆನೀತಾ, ಅದೇ ಇಲಾರಿಯಾಳ ಮಗಳು. ಕೋಲು ಮುರಿಯುವ ಮೊದಲೇ ಗುಡಿಯಲ್ಲಿ ಮಾತು ಕೊಟ್ಟಾಗಿತ್ತು, ಹಿಂದೆಗೆಯುವ ಹಾಗಿರಲಿಲ್ಲ. ಸತುರ್ನೀನಾ ಪೆಟ್ಟಿಗೆ ತೆರೆಯದಿದ್ದರೆ ಆ ಹುಡುಗಿಯ ಜೀಪು ಬರೀ ಕಂಬಳಿ ಹೊದ್ದು ಹೋಗಬೇಕು.

ಮದುವೆಯಾಗಿ ಕೊಚಬಾಂಬಾದಲ್ಲಿದ್ದ ಬೆನೀತಾಳಿಗೆ ಅಮ್ಮ ಮಾಡಿದ್ದು ಓಣಿಯವರ ಬಾಯಿಂದಲೇ ಗೊತ್ತಾದದ್ದು. ಆದರೂ ಬಂದಳು, ಒಬ್ಬಳೇ. ಕೋಕಾ ಎಲೆ ಮುಂದಿಟ್ಟು ತಲೆ ತಗ್ಗಿಸಿ ಕುಳಿತಳು.

"ಮಾದ್ರೀನಾ, ಕೊಡು ಅಂತ ಕೇಳೋಕೆ ನಂಗೆ ಮುಖ ಇಲ್ಲ. ಆದ್ರೆ ನೀನಲ್ದೆ ಇನ್ಯಾರ್ನ ಕೇಳ್ಲಿ?"

ಸತುರ್ನೀನಾ ಎಲೆಗಳನ್ನು ನೋಡಿದಳು. ಆಮೇಲೆ ಒಂದನ್ನು ಬಾಯಿಗೆ ಹಾಕಿಕೊಂಡಳು. "ಪೆಟ್ಟಿಗೆ ಎಳಿ. ಸೊಂಟ ನೋವು ನಂಗೆ."

ಓಣಿ ಉಸಿರುಬಿಟ್ಟಿತು. ಜೀಪು ತುಂಬಿ ಹೋಯಿತು. ಹಳೆಯದೆಲ್ಲ ತಣ್ಣಗಾಯಿತು ಎಂದು ನಾವೆಲ್ಲ ಅಂದುಕೊಂಡೆವು.

ಹಬ್ಬ ಮುಗಿದು ಬೆನೀತಾ ಗಂಟು ಹೊತ್ತು ಬಂದಾಗ ನಾನು ಅಂಗಡಿಯ ಬಾಗಿಲಲ್ಲಿದ್ದೆ. ಗಂಟನ್ನು ಒಳಗೆ ತಳ್ಳಲು ಹೋದವಳನ್ನು ಸತುರ್ನೀನಾ ತಡೆದಳು. "ಬಿಚ್ಚು."

ಬೆನೀತಾಳಿಗೆ ಅರ್ಥವಾಗಲಿಲ್ಲ.

"ಇಲ್ಲೇ ಬಿಚ್ಚು, ಬೆಳಕಲ್ಲಿ."

ಹುಡುಗಿ ಹೊಸಿಲ ಮುಂದೆ ಬಟ್ಟೆ ಹರಡಿದಳು. ಸತುರ್ನೀನಾ ಮಣೆ ಎಳೆದು ಕುಳಿತು, ಮೊದಲ ಚಮಚ ಎತ್ತಿ ತಿರುವಿ ನೋಡಿ ಪಕ್ಕಕ್ಕಿಟ್ಟಳು. "ಊನೋ." ಎರಡನೆಯದು. "ದೋಸ್." ನಮ್ಮ ಕೆಚುವಾದಲ್ಲಿ ಎಣಿಸಲಿಲ್ಲ. ಆ ಯಜಮಾನಿಯ ಭಾಷೆಯಲ್ಲಿ, ಪ್ರಾಯಶಃ ಆ ಯಜಮಾನಿಯ ದನಿಯಲ್ಲೇ ಎಣಿಸಿದಳು. ಬಾಗಿಲುಗಳಲ್ಲಿ ಒಂದೊಂದೇ ತಲೆ ಕಾಣಿಸಿತು. ತಟ್ಟೆಗಳ ತಳವನ್ನೆಲ್ಲ ಮೊಳೆಯಿಂದ ಗೀರಿದಳು. ಹಿತ್ತಾಳೆಯ ಹರಿವಾಣ, ಬೋಗುಣಿಗಳನ್ನು ಅವಳು ಮೊದಲೇ ತೆಗೆದಿಟ್ಟಿದ್ದಳು, ಎಲ್ಲೂ ಹಳದಿ ಇಣುಕಲಿಲ್ಲ. ಕೊಟ್ಟಾಗ ತನ್ನಷ್ಟಕ್ಕೆ ತಾನೇ ಎಣಿಸಿಟ್ಟುಕೊಂಡಿದ್ದಳು ಎಂದು ಆಗ ತಿಳಿಯಿತು.

"ಸರಿಯಾಗಿದೆ," ಎಂದಳು.

"ಸರಿಯಾಗೇ ಇರುತ್ತೆ ಅಂತ ನಂಗೆ ಗೊತ್ತಿತ್ತು ಮಾದ್ರೀನಾ."

ಬೆನೀತಾ ಬಟ್ಟೆ ಮಡಚಿಕೊಂಡಳು. ಯಾವಾಗಲೂ ಹೊರಡುವಾಗ ಕೈಗೆ ಮುತ್ತಿಡುತ್ತಿದ್ದವಳು ಅಂದು ಇಡಲಿಲ್ಲ. ಅವಳು ಓಣಿಯ ತಿರುವು ದಾಟುವವರೆಗೂ ಸತುರ್ನೀನಾ ನೋಡುತ್ತಲೇ ಇದ್ದಳು. ಎದ್ದು ಹಿಂದೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ನನ್ನ ಕಡೆ ತಿರುಗಿದಳು.

"ನಿನ್ ಹತ್ರ ನನ್ ಉಪ್ಪಿನ್ ಬಟ್ಲು ಇರ್ಬೇಕಲ್ಲ. ನಿನ್ ಮೊಮ್ಮಗನ್ ನಾಮಕರಣಕ್ಕೆ ನೀನು ಇಸ್ಕೊಂಡಿದ್ದೆ."

"ಇದೆ. ನಾಳೆ ತರ್ತೀನಿ."

"ಈಗ್ಲೇ ತಾ."

ತಂದೆ. ಮೀನಿನ ಆಕಾರದ ಆ ಪುಟ್ಟ ಬಟ್ಟಲನ್ನು ಅವಳು ಬೋರಲು ಹಾಕಿ ಮೊಳೆ ಕೈಗೆತ್ತಿಕೊಂಡಳು. ನಮ್ಮಿಬ್ಬರದು ಎಂಥ ಸ್ನೇಹ ಎಂದು ಹೇಳುವುದಿಲ್ಲ, ನೀವೇ ನೋಡಿದಿರಿ. ಅವಳು ಗೀರುತ್ತಿದ್ದಳು, ನಾನು ಬಾಗಿಲ ಬಳಿ ನಿಂತಿದ್ದೆ. ಆಮೇಲೆ ಗಮನಿಸಿದೆ, ನನ್ನ ಎರಡೂ ಕೈ ತಾವಾಗಿಯೇ ಹಿಂದಕ್ಕೆ ಹೋಗಿ ಕಟ್ಟಿಕೊಂಡಿದ್ದವು.